ಕಿಲ್‌ವರ್ತ್ ಸಾಹೇಬರ ಮನೆಯವರನ್ನು ಊಟಕ್ಕೆ ಕರೆದದ್ದು

ಸಟನ್, ಮೂರನೇ ಮಹಡಿ

ಲಂಡನ್ನಿನಲ್ಲಿ ನಾನು ಮೊದಲು ಅಣಕಿಸಿದ್ದು ಒಂದು ಲಿಫ್ಟನ್ನು. ಸುಜಾತಕ್ಕನ ಫ್ಲ್ಯಾಟಿನ ಆ ಲಿಫ್ಟಿನೊಳಗೆ ಕಣ್ಣಿಗೆ ಕಾಣದ ಒಬ್ಬ ಹೆಂಗಸು ಮಾತಾಡುತ್ತಾಳೆ. 'ಬಾಗಿಲು ಮುಚ್ಚುತ್ತಿದೆ' ಎಂದು ಆಕೆ ಹೇಳುವುದನ್ನು ಕೇಳಿದರೆ, ಮುಚ್ಚಲು ಆಕೆಗೇನೂ ಇಷ್ಟವಿಲ್ಲ, ಮೇಲಿನವರ ಆದೇಶ, ಪಾಪ ಏನು ಮಾಡಿಯಾಳು ಅನಿಸುತ್ತದೆ. ಮೂರನೇ ಮಹಡಿ ಮುಟ್ಟುವಷ್ಟರಲ್ಲಿ ಆ ದನಿ ನನ್ನ ಗಂಟಲಿಗೆ ಇಳಿದಿತ್ತು. ಅಕ್ಕ ಬಾಗಿಲು ತೆಗೆದಾಗ ಅದೇ ದನಿಯಲ್ಲಿ 'ಬಾಗಿಲು ತೆರೆಯುತ್ತಿದೆ' ಅಂದೆ. ನಾಲ್ಕು ವರ್ಷಗಳ ಮೇಲೆ ನೋಡಿದ ತಮ್ಮನಿಗೆ ಅವಳು ಕೊಟ್ಟದ್ದು ತಲೆಯ ಮೇಲೊಂದು ಮೊಟಕು.

ನಾನು ಮಿಮಿಕ್ರಿ ಮಾಡುವವನು. ಧಾರವಾಡದಲ್ಲಿ ನನಗೆ ಹೆದರಿ ಮಾತು ನಿಲ್ಲಿಸುವ ನೆಂಟರಿದ್ದಾರೆ. ಇಲ್ಲಿಗೆ ಬಂದದ್ದು ಹೌನ್ಸ್ಲೋದ ಶಾಲೆಯೊಂದರಲ್ಲಿ ಕನ್ನಡಿಗರು ಕೂಡಿದ್ದ ಕಡೆ ಅರ್ಧ ಗಂಟೆ ನಗಿಸಲು. ಕುಂದಾಪುರದ ಹೋಟೆಲಿನವರು, ವಿಜಯಪುರದ ಡಾಕ್ಟರರು, ಬೆಳಗಾವಿಯ ಕಂಪ್ಯೂಟರಿನವರು ಎಲ್ಲರೂ ಪರಸ್ಪರ ಬೆಂಗಳೂರಿನ ಕನ್ನಡ ಆಡಿಕೊಂಡು ಸಭ್ಯರಾಗಿ ಕೂತಿದ್ದರು. ನಾನು ಅವರವರ ಊರಿನ ಬಸ್ ಕಂಡಕ್ಟರನ ದನಿ ತೆಗೆದದ್ದೇ ತಡ, ನಗುವಾಗ ಎಲ್ಲರ ಊರೂ ಹೊರಗೆ ಬಿತ್ತು. ಅಲ್ಲಿಗೆ ಕೆಲಸ ಮುಗಿಯಿತು. ಮರಳುವ ವಿಮಾನಕ್ಕೆ ಇನ್ನೂ ಹತ್ತು ದಿನವಿತ್ತು.

ನಿದ್ದೆ ಮಾತ್ರ ನನ್ನ ಜೊತೆ ವಿಮಾನ ಹತ್ತಿರಲಿಲ್ಲ. ಮಧ್ಯಾಹ್ನಕ್ಕೆ ಕಣ್ಣು ಮುಚ್ಚಿಕೊಳ್ಳುತ್ತಿದ್ದವು, ಬೆಳಗಿನ ನಾಲ್ಕಕ್ಕೆ ತೆರೆದುಕೊಳ್ಳುತ್ತಿದ್ದವು. ನಡುವಿನ ಹೊತ್ತಿನಲ್ಲಿ ಕೆಂಪು ಬಸ್ಸಿನ ಮೇಲಂತಸ್ತಿನ ಮುಂದಿನ ಸೀಟಿನಲ್ಲಿ ಕೂತು ಎಲ್ಲಿಗೋ ಹೋಗಿ ಬರುತ್ತಿದ್ದೆ. ಮರದ ಕೊಂಬೆಗಳು ಗಾಜನ್ನು ಸವರಿ ಹೋಗುತ್ತಿದ್ದವು. ಸೆಪ್ಟೆಂಬರಿನ ಬಿಸಿಲು, ಬಂದದ್ದಕ್ಕೆ ಕ್ಷಮೆ ಕೇಳುವಂತೆ, ಒಂದು ಮನೆಯ ಮೇಲೆ ಬಿದ್ದು ಮುಂದಿನ ಮನೆಗೆ ಹೋಗುತ್ತಿತ್ತು. ಯಾರೂ ಮಾತಾಡುವುದಿಲ್ಲ. ಮಿಮಿಕ್ರಿಯವನಿಗೆ ಇದು ಬರಗಾಲ. ಟೀವಿಯಲ್ಲಿ ಮಾತ್ರ ದಿನವಿಡೀ ಗಲಾಟೆ: ಯುರೋಪನ್ನು ಬಿಟ್ಟು ಹೋಗುವುದೋ ಇರುವುದೋ ಎಂದು. ನಮ್ಮ ಕಡೆ ಕೆಲವು ಬೀಗರು 'ಬರ್ತೀವ್ರೀ' ಎಂದು ಹೊಸ್ತಿಲಲ್ಲಿ ಎದ್ದು ನಿಂತು, ಇನ್ನೂ ಮುಕ್ಕಾಲು ಗಂಟೆ ಮಾತಾಡುತ್ತಾರಲ್ಲ, ಇಡೀ ದೇಶ ಹಾಗೆ ಚಪ್ಪಲಿ ಮೆಟ್ಟಿಕೊಂಡು ಮೂರು ವರ್ಷದಿಂದ ಬಾಗಿಲಲ್ಲಿ ನಿಂತಿತ್ತು.

ಹಳೆಯ ಮನೆ

ಅಕ್ಕನ ಗಂಡ ಸುರೇಶನನ್ನು ನಮ್ಮ ಕಡೆಯ ರೂಢಿಯಂತೆ ಮಾಮಾ ಎನ್ನುತ್ತೇನೆ. ಮಾಮಾಗೆ ಶನಿವಾರ ಒಂದು ಚಟ. ಬಿಲ್ಡಿಂಗಿನ ಹಿಂದೆ ಮುನ್ನೂರು ವರ್ಷದ ಒಂದು ಮನೆಯಿದೆ. ಅದರ ತೋಟದ ಬೇಲಿಯನ್ನು ಪುಕ್ಕಟೆಯಾಗಿ ಕತ್ತರಿಸಿ ಬರುವುದು. ಸ್ವಂತ ಊರಿನಲ್ಲಿ ಅಂಗಳದ ಹುಲ್ಲು ಕಿತ್ತ ಮನುಷ್ಯನಲ್ಲ. ಆ ಮನೆಯನ್ನು ನೋಡಿಕೊಳ್ಳುವ ಸ್ವಯಂಸೇವಕರ ಮುಖ್ಯಸ್ಥೆ ಹಿಲರಿ, ಎಪ್ಪತ್ತೆಂಟು ವರ್ಷದ ನಿವೃತ್ತ ಗ್ರಂಥಪಾಲಕಿ. ಬರುವ ಶನಿವಾರ ಮನೆಯನ್ನು ಎಲ್ಲರಿಗೂ ತೆರೆದು, ಅಲ್ಲಿದ್ದ ಸಾಹೇಬರ ಪತ್ರಗಳನ್ನು ಅವರದೇ ವೇಷದಲ್ಲಿ ಓದಿಸುವ ಏರ್ಪಾಡು ಮಾಡಿದ್ದರು. ವೇಷ ಹಾಕಬೇಕಿದ್ದ ನಟ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡ. ಮಾಮಾ ಬೇಲಿ ಕತ್ತರಿಸುತ್ತಲೇ, 'ನನ್ನ ಭಾಮೈದ ಯಾರ ದನಿ ಬೇಕಾದರೂ ತೆಗೆಯುತ್ತಾನೆ' ಎಂದುಬಿಟ್ಟ.

"ಮಾಮಾ, ಯಾರ ದನಿ ಅಂದ್ರ ಬದುಕಿದ್ದವರ ದನಿ," ಅಂದೆ.

"ಸತ್ತವರದ ಇನ್ನೂ ಸಸಾರ ಅಲ್ಲೋ. ತಪ್ಪಾತು ಅಂತ ಹೇಳಾಕ ಯಾರಿದಾರ?"

ಹಿಲರಿ ನನ್ನನ್ನು ಹಾಲಿಗೆ ಕರೆದೊಯ್ದರು. ಗೋಡೆಯ ಮೇಲೆ ಆಂಬ್ರೋಸ್ ಕಿಲ್‌ವರ್ತ್ ಸಾಹೇಬರು ಆಳೆತ್ತರದ ಚಿತ್ರದಲ್ಲಿ ನಿಂತಿದ್ದರು. ಸೊಂಟದ ಮೇಲೆ ಒಂದು ಕೈ, ಗುಲಾಬಿ ಕೆನ್ನೆ, ಈಗಷ್ಟೇ ಪುಡಿ ಹಾಕಿದ ಕೃತಕ ಕೂದಲು. ಹಿಲರಿ ಪ್ರತಿ ವಾಕ್ಯಕ್ಕೂ ಮೊದಲು ಸಾರಿ ಕೇಳಿಕೊಂಡು ಅವರ ಕಥೆ ಹೇಳಿದರು. ನಾನು ಅರೆನಿದ್ದೆಯಲ್ಲಿ ಕೇಳಿದೆ. ಸಾಹೇಬರು ಈ ಮನೆಯ ಎರಡನೇ ಮಗ. ಆಸ್ತಿಯೆಲ್ಲ ಅಣ್ಣನದು. ಇಪ್ಪತ್ತರ ಹರೆಯದಲ್ಲಿ ಹಡಗು ಹತ್ತಿ ವರ್ಜೀನಿಯಾಕ್ಕೆ ಹೋದರು. ಆಗ ಅಮೆರಿಕಾ ಇನ್ನೂ ಇಂಗ್ಲೆಂಡಿನ ವಸಾಹತು. ಅಲ್ಲಿ ಹೊಳೆಯ ದಂಡೆಗೆ ಹೊಗೆಸೊಪ್ಪಿನ ದೊಡ್ಡ ತೋಟ ಮಾಡಿದರು. ಅಲ್ಲಿನ ಶಾಸನಸಭೆಗೂ ಆರಿಸಿ ಬಂದರು.

"ಅಂದರೆ ಎಮ್ಮೆಲ್ಲೆ," ಅಂದೆ.

ಇಪ್ಪತ್ತು ವರ್ಷ ಸಭೆಯಲ್ಲಿ ಕೂತ ಸಾಹೇಬರು ಆಡಿದ ಮಾತುಗಳಲ್ಲಿ ಉಳಿದು ಬಂದದ್ದು ಒಂದೇ ಭಾಷಣ. ರಾಜಧಾನಿಯ ಬೀದಿಗಳಲ್ಲಿ ಹಂದಿಗಳು ಅಡ್ಡಾಡುವುದನ್ನು ನಿಲ್ಲಿಸಬೇಕು ಎಂದು. ಕೇಳಿ ನನಗೆ ನಮ್ಮ ಓಣಿ ನೆನಪಾಗಿ ಕಣ್ಣು ಪೂರ್ತಿ ತೆರೆಯಿತು. ಮೊದಲ ಹೆಂಡತಿ ಮೇರಿ ಬೇಗ ತೀರಿಕೊಂಡಳು. ಎರಡನೆಯವಳು ಸಾರಾ. ಮಗ ಜಾರ್ಜ್‌ನನ್ನು ಓದಲೆಂದು ಲಂಡನ್ನಿಗೆ ಕಳಿಸಿದರೆ ಅವನು ಪಿಟೀಲು ಕಲಿಯಲು ಕೂತ. ಹೆಣ್ಣುಮಕ್ಕಳು ಶಾರ್ಲೆಟ್, ಆ್ಯನ್ ಇದೇ ಮನೆಯಲ್ಲಿ ಸೋದರತ್ತೆಯ ಹತ್ತಿರ ಬೆಳೆದರು. ಅಪ್ಪನ ಪತ್ರಗಳ ತುಂಬ ಒಂದೇ ರಾಗ: ನೆಟ್ಟಗೆ ಕೂರಿ, ಜಾರ್ಜ್‌ಗೆ ಪಿಟೀಲು ಬಿಡಲು ಹೇಳಿ, ನಾಯಿಗೆ ನನ್ನ ನೆನಪು ತಿಳಿಸಿ. ಕೊನೆಗೆ ಕಾಲಿನ ಕೀಲುನೋವು ತಾಳದೆ ತಾವೂ ಈ ಮನೆಗೇ ಬಂದು, ಮೇಲಿನ ಕೋಣೆಯಲ್ಲಿ ಪ್ರಾಣ ಬಿಟ್ಟರು.

ಒಂದು ದನಿಯನ್ನು ಹಿಡಿಯಬೇಕಾದರೆ ನಾನು ಮೊದಲು ಹುಡುಕುವುದು ಆ ಮನುಷ್ಯ ಉಸಿರು ಎಳೆಯುವ ಜಾಗ. ಎಲ್ಲಿ ನಿಲ್ಲುತ್ತಾನೆ, ಯಾವ ಮಾತಿಗೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಾನೆ. ಚಿತ್ರ ಉಸಿರಾಡುವುದಿಲ್ಲ. ಆದರೆ ಪತ್ರಗಳಲ್ಲಿ ಸಾಹೇಬರು ನಾಲ್ಕು ಮಾತಿಗೊಂದು ಅಡ್ಡಗೆರೆ ಎಳೆದಿದ್ದರು. ಅದೇ ಕಾಲುನೋವು ಎಂದುಕೊಂಡೆ. ಆ ಗೆರೆ ಬಂದಲ್ಲೆಲ್ಲ ಉಸಿರು ಹಿಡಿದು, ಹಲ್ಲು ಕಚ್ಚಿ, ಮತ್ತೆ ಮುಂದಕ್ಕೆ. ಮಧ್ಯಾಹ್ನದ ಹೊತ್ತಿಗೆ ಆತ ನನ್ನ ಬಾಯಿಗೆ ಬಂದ. ಹಿಲರಿ ಕುರ್ಚಿ ಹಿಡಿದುಕೊಂಡು ನಕ್ಕರು. "ಸಾರಿ, ಹದಿನಾಲ್ಕು ವರ್ಷದಿಂದ ಈ ಮನುಷ್ಯನ ಪತ್ರ ಓದುತ್ತಿದ್ದೇನೆ. ಆತನಿಗೆ ನೋವಿತ್ತು ಅನ್ನುವುದು ಇವತ್ತೇ ಕೇಳಿಸಿದ್ದು."

ನನಗೆ ಸೊಕ್ಕು ಬಂತು. ಬರಬಾರದೇ?

ನಿಪ್ಪಾಣಿಯ ಪ್ರಶ್ನೆ

ಮನೆಗೆ ಬಂದು ಆಯಿಯ ಮುಂದೆ ಸಾಹೇಬರನ್ನು ಇಳಿಸಿದೆ. ಆಯಿ ಎಂದರೆ ಮಾಮಾನ ತಾಯಿ ಗೌರವ್ವ. ಆರು ತಿಂಗಳ ವೀಸಾದ ಮೇಲೆ ಬಂದು, ಇಳಕಲ್ ಸೀರೆಯ ಮೇಲೆ ಮಗನ ಜಾಕೆಟ್ ತೊಟ್ಟುಕೊಂಡು ಸೋಫಾದಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿರುತ್ತಾರೆ. ನನ್ನ ಆಟವನ್ನು ಪೂರ್ತಿ ನೋಡಿದರು. ನಗಲಿಲ್ಲ.

"ಅಂವಾ ಎಮ್ಮೆಲ್ಲೆನೂ ಹೌದು, ತಂಬಾಕದ ಧಣಿನೂ ಹೌದು?"

"ಹೌದ ಆಯಿ."

"ಮತ್ತ ತಂಬಾಕ ಸೋಸಾವ್ರು ಯಾರಿದ್ರು?"

"ಅಂದ್ರ?"

"ಧಣಿ ಏನ್ ಸೋಸ್ತಾನು, ಹಿಂಗ ಟೊಂಕದ ಮ್ಯಾಲ ಕೈ ಇಟ್ಟ್ ನಿಂದರ್ತಾನ. ನಿಪ್ಪಾಣ್ಯಾಗ ನಮ್ಮವ್ವ ವಖಾರಿಗೆ, ಧಣಿ ಗೋದಾಮಿಗೆ, ಹೋಗ್ತಿದ್ಲು, ತಂಬಾಕ ಸೋಸಾಕ. ಸಂಜಿಕ ಬಂದು ಅಂಗಳದಾಗ ಸೀರಿ ಝಾಡಿಸಿನ ಒಳಗ ಬರಬೇಕು. ಇಲ್ಲಾಂದ್ರ ಮನಿ ಮಂದೆಲ್ಲಾ ಸೀನ್ತಿದ್ವಿ. ಧಣಿ ಹೆಂಗ ಮಾತಾಡ್ತಿದ್ದ ಅಂತ ನಂಗ್ಯಾಕ? ಸೋಸಾವ್ರ ಹೆಸರ ಏನು, ಅದನ್ನ ಹೇಳು."

ಮರುದಿನ ಇದನ್ನು ಹಿಲರಿಗೆ ತಮಾಷೆಯಾಗಿಯೇ ಹೇಳಿದೆ. ಅವರು ಸಾರಿ ಕೇಳಲಿಲ್ಲ. ಎದ್ದು ಹೋಗಿ ಒಂದು ಹಾಳೆ ತಂದರು. ಸಾಹೇಬರು ತೀರಿಕೊಂಡಾಗ ವರ್ಜೀನಿಯಾದ ತೋಟದಲ್ಲಿ ಏನೇನಿತ್ತು ಎಂದು ಬರೆದ ಪಟ್ಟಿಯ ಪ್ರತಿ. ಎತ್ತುಗಳು ಮುಗಿದು ತಾಮ್ರದ ಹಂಡೆಗಳು ಶುರುವಾಗುವ ನಡುವೆ ಮೂವತ್ತೊಂದು ಮನುಷ್ಯರ ಹೆಸರಿದ್ದವು. ಗುಲಾಮರು. ಹತ್ತನೆಯ ಸಾಲು ಹೀಗಿತ್ತು: 'ಜೂಡಿತ್. ಅವಳ ಮಗಳು ಫಿಬಿ, ಇಂಗ್ಲೆಂಡಿನಲ್ಲಿದ್ದಾಳೆ.'

ಫಿಬಿಯನ್ನು ಒಂಬತ್ತನೇ ವಯಸ್ಸಿಗೆ ಶಾರ್ಲೆಟ್, ಆ್ಯನ್ ಜೊತೆ ಈ ಮನೆಗೆ ಕಳಿಸಿದ್ದರು, ಅವರ ಕೂದಲು ಬಾಚಲು. ಹದಿನಾರಕ್ಕೆ ಇಲ್ಲೇ ಸತ್ತಳು. ತಾಯಿ ಮತ್ತೆ ಅವಳನ್ನು ನೋಡಲಿಲ್ಲ. ಸಾಹೇಬರ ಅಷ್ಟೂ ಪತ್ರಗಳಲ್ಲಿ ನಾಯಿಯ ಕ್ಷೇಮ ಕೇಳಿದ್ದಾರೆ, ಫಿಬಿಯದು ಎಲ್ಲೂ ಇಲ್ಲ.

"ಜೂಡಿತ್‌ಳ ಮಗನ ವಂಶದವರೊಬ್ಬರು ನಾಳೆ ವರ್ಜೀನಿಯಾದಿಂದ ಬರುತ್ತಿದ್ದಾರೆ," ಅಂದರು ಹಿಲರಿ. "ಈ ಪಟ್ಟಿ ಈ ಹಾಲಿನಲ್ಲಿ ಓದಲಾಗುತ್ತದೆ ಎಂದು ಅವರಿಗೆ ಮಾತು ಕೊಟ್ಟಿದ್ದೇನೆ. ನಮ್ಮಲ್ಲಿ ಕೆಲವರಿಗೆ ಬೇಡವಾಗಿದೆ. ಜನ ಕೇಕು ತಿನ್ನಲು ಬರುವ ದಿನ, ಯಾಕೆ ಅಂತ. ಓದುವವರು ನೀವು. ಮನಸ್ಸಿಲ್ಲದಿದ್ದರೆ ಈಗಲೇ ಹೇಳಿ."

ಓದುತ್ತೇನೆ ಅಂದೆ. ಹೆಸರು ಓದುವುದೇನು ಮಹಾ.

ಲೊರೆಟ್ಟಾ ಶುಕ್ರವಾರ ಬಂದರು. ಅರವತ್ತು ದಾಟಿದ ಎತ್ತರದ ಹೆಂಗಸು, ಶಾಲೆಯಲ್ಲಿ ಗಣಿತ ಕಲಿಸಿದವರು. ತೋಟದ ಬೆಂಚಿನ ಮೇಲೆ ಕೂತು ನನ್ನ ಸಾಹೇಬರನ್ನು ಕೇಳಿದರು. ಹಂದಿಯ ಭಾಷಣಕ್ಕೆ ನಕ್ಕರು ಕೂಡ. ಆಮೇಲೆ ನನ್ನ ತೋಳು ಮುಟ್ಟಿ ಹೇಳಿದರು: "ಚೆನ್ನಾಗಿ ಮಾಡುತ್ತೀಯ, ಮಗನೇ. ಆದರೆ ಪಟ್ಟಿ ಮಾತ್ರ ಆತನ ದನಿಯಲ್ಲಿ ಬೇಡ. ಆತನ ಬಾಯಲ್ಲಿ ಆ ಹೆಸರುಗಳು ಒಮ್ಮೆ ಬಂದದ್ದು ಸಾಕು."

"ಮತ್ತೆ ಯಾರ ದನಿಯಲ್ಲಿ?"

"ನಿನ್ನದು ಒಂದು ಇರಬೇಕಲ್ಲ?"

ಅಲ್ಲಿ ಸಿಕ್ಕಿಬಿದ್ದೆ. ನನ್ನ ಬಳಿ ಎಮ್ಮೆಲ್ಲೆಗಳಿದ್ದಾರೆ, ಮೇಷ್ಟರುಗಳಿದ್ದಾರೆ, ಎರಡು ಜಾತಿಯ ಕೋಳಿ, ಒಂದು ಮಿಕ್ಸರ್, ಈಗ ಒಂದು ಲಿಫ್ಟೂ ಇದೆ. ಸ್ವಂತ ದನಿಯಲ್ಲಿ ನಾನು ವೇದಿಕೆಯ ಮೇಲೆ 'ನಮಸ್ಕಾರ' ಕೂಡ ಅಂದವನಲ್ಲ. ಜನ ನಗದೆ ಕೂತ ಒಂದು ನಿಮಿಷವನ್ನೂ ನಾನು ಹಾಗೆಯೇ ಬಿಟ್ಟವನಲ್ಲ. ಆ ನಿಮಿಷ ಬಂದರೆ ಕೋಳಿ ಕೂಗಿಬಿಡುತ್ತೇನೆ. ಅಭ್ಯಾಸ. ನಾಳೆ ಜೂಡಿತ್‌ಳ ಹೆಸರಿನ ಮುಂದೆ ಕೋಳಿ ಕೂಗಿದರೆ ಈ ಹೆಂಗಸು ಅಟ್ಲಾಂಟಿಕ್ ದಾಟಿ ಬಂದದ್ದು ಏನಾದೀತು? ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು ಆ ಹೆಸರುಗಳನ್ನು ನನ್ನದೇ ದನಿಯಲ್ಲಿ ಹೇಳಿ ನೋಡಿದೆ. ಪಕ್ಕದವನು ಎದ್ದು ಹಿಂದಿನ ಸೀಟಿಗೆ ಹೋದ. ಗಾಜಿನಾಚೆ ಕೊಂಬೆಗಳು ಬಂದು ಬಂದು ಹೋದವು.

ಶನಿವಾರ, ಬಾಗಿಲು

ಶನಿವಾರ ಮಹಾಲಯ ಅಮಾವಾಸ್ಯೆ. ನಮ್ಮ ಕಡೆ ಹಿರೇರ ಹಬ್ಬ. ತೀರಿಕೊಂಡ ಮನೆಯ ಹಿರಿಯರಿಗೆ ಹೊಸ ಬಟ್ಟೆ ಇಟ್ಟು, ಎಡೆ ಬಡಿಸಿ, ಒಬ್ಬೊಬ್ಬರ ಹೆಸರು ಹಿಡಿದು ಊಟಕ್ಕೆ ಕರೆಯುವುದು. ನಮ್ಮ ಕಡೆಯವರ ಅಂಗಡಿಗಳಿರುವ ಟೂಟಿಂಗಿನಿಂದ ಬಾಳೆಎಲೆ ಬಂದಿತ್ತು. ಅಕ್ಕನಿಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ, ಮೂರಕ್ಕೆ ಬಿಡುವು. ಹೋಳಿಗೆಯನ್ನು ಹಿಂದಿನ ದಿನವೇ ಮಾಡಿಟ್ಟಿದ್ದಳು. ಹೊಗೆ ಕಂಡರೆ ಅಲಾರಮ್ಮು ಹೊಡೆದು ಇಡೀ ಬಿಲ್ಡಿಂಗ್ ಊಳಿಡುವುದರಿಂದ ದೀಪ ಮಾತ್ರ ಬ್ಯಾಟರಿಯದು. ನಮ್ಮ ಹಿರಿಯರು ಹೊಂದಿಕೊಂಡಿದ್ದಾರೆ.

ಮಾಮಾ ಹೆಸರು ಹೇಳುತ್ತಾ ಹೋದ. ಅಜ್ಜ, ಅಜ್ಜಿ, ಅಪ್ಪ. ಪ್ರತಿ ಹೆಸರಿಗೂ ಆಯಿ ಬಾಗಿಲ ಕಡೆ ನೋಡಿ "ಬರ್ರಿ" ಅಂದರು. ಗಂಡನ ಹೆಸರಿಗೆ ಸೆರಗು ಸರಿಮಾಡಿಕೊಂಡು, "ಬರ್ರಿ, ಹಾದಿ ದೂರ ಆತು ಈ ಸಲ." ಕಡೆಗೊಂದು ಎಲೆ, ಕರೆಯುವವರಿಲ್ಲದವರಿಗೆ. ಆಮೇಲೆ ಮನೆಯವರು ಹೊರಗೆ ಬಂದು ಬಾಗಿಲು ಎಳೆದುಕೊಳ್ಳಬೇಕು. ನೋಡುತ್ತಾ ನಿಂತರೆ ಅವರು ಸಂಕೋಚದಿಂದ ಅರ್ಧ ಹೊಟ್ಟೆ ಉಣ್ಣುತ್ತಾರೆ.

ಹೊರಗೆ ಬಂದೆವು. ಮಾಮಾ ಭಕ್ತಿಯಿಂದ ಬಾಗಿಲು ಎಳೆದ. ಧಾರವಾಡದ ಬಾಗಿಲು ಎಳೆದರೆ ಮುಚ್ಚಿಕೊಳ್ಳುತ್ತದೆ, ದೂಡಿದರೆ ತೆರೆಯುತ್ತದೆ. ಇಲ್ಲಿಯದು ತಾನೇ ಬೀಗ ಹಾಕಿಕೊಂಡು 'ಟಕ್' ಎಂದಿತು.

"ಮಾಮಾ, ಕೀಲಿ?"

"ಒಳಗ."

"ಒಳಗ ಎಲ್ಲಿ?"

"ಅಪ್ಪನ ಧೋತರದ ಮ್ಯಾಲ. ನಮಸ್ಕಾರ ಮಾಡಾಗ ಕಿಸೆದಾಗ ಚುಚ್ಚಿತು, ತಗದಿಟ್ಟೆ."

ಹನ್ನೊಂದು ವರ್ಷದಿಂದ ಈ ಊರಿನಲ್ಲಿರುವ ಇಂಜಿನಿಯರು. ನಾನು ಬಾಗಿಲು ಬಡಿಯಲು ಹೋದೆ, ಯಾರು ತೆಗೆಯುತ್ತಾರೆಂದುಕೊಂಡೆನೋ ತಿಳಿಯದು. ಆಯಿ ಕೈ ಹಿಡಿದರು. "ಉಣ್ಣಾವ್ರ ಬಾಗಲಾ ಬಡೀಬಾರದು. ಸುಜಾತಾ ಬರೂತನಾ ನಿಂದ್ರೂಣು."

ನಿಲ್ಲುವುದು ಹೇಗೆ, ಕಾರ್ಯಕ್ರಮ ಒಂದು ಗಂಟೆಗೆ. ಆಯಿಯನ್ನು ಲಿಫ್ಟಿನ ಮುಂದೆ ಬಿಟ್ಟು ಹೋಗುವಂತಿಲ್ಲ. ಹೀಗೆ ಆಯಿ ರಬ್ಬರ್ ಚಪ್ಪಲಿಯಲ್ಲಿ, ಹಬ್ಬದ ಸೀರೆಯಲ್ಲಿ ಕಿಲ್‌ವರ್ತ್ ಸಾಹೇಬರ ಮನೆಗೆ ಹೊರಟರು.

ಶನಿವಾರ, ಹಾಲ್

ಹಾಲ್ ತುಂಬಿತ್ತು. ಎರಡನೇ ಸಾಲಿನಲ್ಲಿ ಆಯಿ, ಮಾಮಾ, ಅವರ ಪಕ್ಕ ಲೊರೆಟ್ಟಾ. ಎತ್ತರದ ಕಿಟಕಿಗಳಿಂದ ಬಂದ ಬೆಳಕಿನಲ್ಲಿ ಧೂಳಿನ ಕಣಗಳು ಇಳಿಯಲು ಅವಸರವಿಲ್ಲದೆ ತೇಲುತ್ತಿದ್ದವು. ನನ್ನ ತಲೆಯ ಮೇಲೆ ಆ ನಟನ ಕೃತಕ ಕೂದಲು. ಅವನ ತಲೆ ದೊಡ್ಡದು. ಕಾಲು ನೋವಿಗೆಂದು ತಡವರಿಸಿದಾಗಲೆಲ್ಲ ಅದು ಕಣ್ಣಿನ ಮೇಲೆ ಜಾರುತ್ತಿತ್ತು. ಜನ ಅದಕ್ಕೂ ನಕ್ಕರು.

"ಇವಳು ನನ್ನ ಮೊದಲ ಹೆಂಡತಿ, ಮೇರಿ," ಎಂದರು ನನ್ನ ಸಾಹೇಬರು, ಗೋಡೆಯ ಸಣ್ಣ ಚಿತ್ರ ತೋರಿಸಿ.

"ಬರ್ರಿ," ಎಂದಿತು ಎರಡನೇ ಸಾಲು.

ಮಾಮಾ ಕಿವಿಯವರೆಗೂ ಕೆಂಪಾದ. "ಅವ್ವಾ, ಸುಮ್ಕಿರ." ಆದರೆ ಆಯಿಗೆ ಇಂಗ್ಲಿಷ್ ಬಾರದು. ಕೇಳುತ್ತಿದ್ದದ್ದು ಹೆಸರುಗಳು ಮಾತ್ರ. ಅಮಾವಾಸ್ಯೆಯ ದಿನ ಒಂದು ಹಳೆಯ ಮನೆಯಲ್ಲಿ ಜನ ಕೂಡಿದ್ದಾರೆ, ಒಬ್ಬ ನಿಂತು ಸತ್ತವರ ಹೆಸರು ಹೇಳುತ್ತಿದ್ದಾನೆ. ಕರೆಯದೆ ಹೇಗೆ ಕೂರುವುದು? ಸಾರಾ. "ಬರ್ರಿ." ಜಾರ್ಜ್. "ಬರ್ರಿ." ನಾನು ಸಾಹೇಬರ ಠೀವಿಯಲ್ಲಿ ಆಯಿಗೆ ಬಾಗಿ ನಮಸ್ಕರಿಸಿದೆ, ಕೂದಲು ಕೆಳಗೆ ಬಿತ್ತು, ಹಾಲ್ ಹೋ ಎಂದಿತು. ಪತ್ರಗಳು ಮುಗಿದವು. ಹಂದಿಗಳಿಗೆ ದೊಡ್ಡ ಚಪ್ಪಾಳೆ ಬಿತ್ತು.

ಆಮೇಲೆ ಹಿಲರಿ ಹಾಳೆಯನ್ನು ಕೈಗೆ ಕೊಟ್ಟರು. ಕೂದಲನ್ನು ಕುರ್ಚಿಯ ಮೇಲಿಟ್ಟೆ. ಇದು ಏನು ಪಟ್ಟಿ ಎಂದು ಹಿಲರಿ ಎರಡು ಮಾತಿನಲ್ಲಿ ಹೇಳಿದರು. ನಗು ಎಲ್ಲಿತ್ತೋ ಅಲ್ಲೇ ನಿಂತಿತು. ನನಗೆ ಗೊತ್ತಿರುವ ಆ ಭಯದ ನಿಮಿಷ ಬಂತು. ಗಂಟಲಿನ ಬಾಗಿಲಲ್ಲಿ ಅಷ್ಟೂ ದನಿಗಳು ನಾನು ತಾನು ಎಂದು ನೂಕಾಡಿದವು. ಕೋಳಿಗಳೂ ಬಂದಿದ್ದವು. ಲೊರೆಟ್ಟಾ ನನ್ನ ಕಡೆ ನೋಡುತ್ತಿರಲಿಲ್ಲ. ಎರಡೂ ಕೈಯಲ್ಲಿ ಮುಂದಿನ ಕುರ್ಚಿಯ ಬೆನ್ನು ಹಿಡಿದಿದ್ದರು.

"ಟೋಬಿ," ಅಂದೆ. ಸಣ್ಣಗೆ, ಧಾರವಾಡದ ಇಂಗ್ಲಿಷಿನಲ್ಲಿ, ಕೊನೆಯಲ್ಲಿ ಸ್ವಲ್ಪ ಒಡೆದು ಬಂತು. ಯಾರ ದನಿ ಇದು ಎಂದು ನನಗೇ ಅನಿಸಿತು.

"ಬರ್ರಿ," ಎಂದರು ಆಯಿ.

ಜನ ತಿರುಗಿದರು. ಮಾಮಾ ಅವರ ಕೈ ಅದುಮಿದ. ಆಯಿ ಕೈ ಬಿಡಿಸಿಕೊಂಡರು. ಲೊರೆಟ್ಟಾ ಮಾಮಾನ ಕಡೆ ವಾಲಿ, "ಏನನ್ನುತ್ತಿದ್ದಾರೆ?" ಎಂದು ಕೇಳಿದ್ದು ನನಗೂ ಕೇಳಿಸಿತು. ಮಾಮಾ ತಡವರಿಸಿದ. "ಒಳಗೆ ಬನ್ನಿ ಅನ್ನುತ್ತಿದ್ದಾರೆ. ಹಿರಿಯರಿಗೆ ಹೇಳುವ ಹಾಗೆ."

ಲೊರೆಟ್ಟಾ ನನಗೆ ತಲೆಯಾಡಿಸಿದರು, ಮುಂದೆ ಓದು ಎಂದು.

ಸೂಕಿ. "ಬರ್ರಿ." ಓಲ್ಡ್ ಹ್ಯಾರಿ. "ಬರ್ರಿ." ನ್ಯಾನ್. "ಬರ್ರಿ." ಕರೆಗೂ ಕರೆಗೂ ಆಯಿ ತುಸುವೇ ಬಾಗಿಲ ಕಡೆ ತಿರುಗುತ್ತಿದ್ದರು. ಮೇರಿಗೆ ಕೊಟ್ಟ ಮರ್ಯಾದೆಯೇ ನ್ಯಾನ್‌ಗೂ. ಯಾವ ಹೊತ್ತಿಗೋ ಜನರೂ ಬಾಗಿಲ ಕಡೆ ನೋಡತೊಡಗಿದ್ದರು. ಹತ್ತನೆಯ ಹೆಸರಿಗೆ ಉಸಿರು ಎಳೆದುಕೊಂಡೆ.

"ಜೂಡಿತ್."

"ಬರ್ರಿ."

"ಅವಳ ಮಗಳು, ಫಿಬಿ." ಮುಂದಿನ ಎರಡು ಮಾತು ಓದಲಿಲ್ಲ. ಇಂಗ್ಲೆಂಡಿನಲ್ಲಿದ್ದಾಳೆ ಎಂದು ಈ ಹಾಲಿಗೆ ಏನು ಹೇಳುವುದು?

ಮಾಮಾ ಆಯಿಯ ಕಿವಿಯಲ್ಲಿ, "ಆಕಿ ಮಗಳಂತ," ಅಂದ. ಆಯಿ ಕರೆಯುವ ಮೊದಲೇ ಲೊರೆಟ್ಟಾ ಎದ್ದು ನಿಂತಿದ್ದರು. ಬಾಯಿ ತೆರೆದರು, ದನಿ ಬರಲಿಲ್ಲ. ಆಯಿ ಅವರ ಕೋಟಿನ ತುದಿ ಹಿಡಿದುಕೊಂಡು, ಇಬ್ಬರ ಪರವಾಗಿ ಜೋರಾಗಿ ಕರೆದರು. "ಬಾರವ್ವಾ. ನಿಮ್ಮವ್ವ ಬಂದಾಳ, ಬಾ."

ಉಳಿದ ಹೆಸರುಗಳನ್ನು ಓದಿದೆ. ಮೂವತ್ತೊಂದೂ. ಒಮ್ಮೆಯೂ ಯಾರೂ ನಗಲಿಲ್ಲ, ನನಗೆ ಅದು ನೆನಪಾದದ್ದು ಮುಗಿದ ಮೇಲೆ.

ಮೆಟ್ಟಿಲು

ಮೂರೂವರೆಗೆ ಬಿಲ್ಡಿಂಗಿಗೆ ಮರಳಿದೆವು. ಲೊರೆಟ್ಟಾ ಜೊತೆಗಿದ್ದರು; ಆಯಿ ಅವರ ಕೋಟನ್ನು ಬಿಟ್ಟಿರಲಿಲ್ಲ. ಅಕ್ಕ ಆಸ್ಪತ್ರೆಯ ಅಂಗಿಯಲ್ಲೇ ಕೀಲಿ ಹಿಡಿದು ಬಾಗಿಲಲ್ಲಿ ನಿಂತು, ಗಂಡನಿಗೆ ಏನೇನು ಹೇಳಬೇಕೋ ಸಾಲಾಗಿ ಹೇಳುತ್ತಿದ್ದಳು.

ದಾರಿಯಲ್ಲಿ ನಾನು ಆಯಿಗೆ ನಿಜ ಹೇಳಿದ್ದೆ. ಕೊನೆಗೆ ಓದಿದ ಮೂವತ್ತೊಂದು ಮಂದಿ ಆ ಮನೆಯ ಹಿರಿಯರಲ್ಲ, ಎತ್ತು ಹಂಡೆಗಳ ಜೊತೆ ಬರೆದಿಟ್ಟವರು, ತಂಬಾಕು ಸೋಸಿದವರು ಎಂದು. ಈಗ ಅಕ್ಕ ಕೀಲಿ ತೂರಿಸಲು ಹೋದಾಗ ಆಯಿ ಅವಳ ಕೈ ಹಿಡಿದರು.

"ತಡಿ. ಒಳಗ ಮಂದಿ ಭಾಳ ಅದಾರ. ಇನ್ನೊಂಚೂರು ಉಣಲಿ."

"ಅತ್ತಿ, ನಾಕ ಎಲಿ ಇಟ್ಟೀವಿ. ಎಷ್ಟ್ ಮಂದಿ ಉಂಡಾರು?"

"ಎಲಿ ನಾಕ ಇದ್ರೇನಾತು? ಸಾಲ್ತಾವ."

"ಸಾಹೇಬ್ರೂ ಅದಾರೇನ ಆಯಿ?" ಎಂದು ನಾನು ಕೆಣಕಿದೆ. "ಮೊದಲು ಅವರ ಮನಿಯವರನ್ನೂ ಕರದೀರಿ ನೀವು."

ಆಯಿ ಅದನ್ನು ಯೋಚಿಸಿದರು. "ಇರ್ಲಿ. ಇವತ್ತ ಅಂವಾ ಬಡಸ್ಲಿ."

ಲೊರೆಟ್ಟಾಗೆ ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮೆಟ್ಟಿಲ ಮೇಲೆ ಕೂತುಬಿಟ್ಟು ಎಷ್ಟು ನಕ್ಕರೆಂದರೆ ಆಮೇಲೆ ಅಕ್ಕ ಅವರ ಬೆನ್ನು ಸವರಬೇಕಾಯಿತು. ಒಬ್ಬೊಬ್ಬರಾಗಿ ಎಲ್ಲರೂ ಕೂತೆವು, ಮೂರನೇ ಮಹಡಿಯ ಮೆಟ್ಟಿಲ ಮೇಲೆ, ಕೀಲಿ ಕೈಯಲ್ಲೇ ಇಟ್ಟುಕೊಂಡು. ಕಿಟಕಿಯ ಬಿಸಿಲು ಒಂದೊಂದೇ ಮೆಟ್ಟಿಲು ಇಳಿಯುತ್ತಿತ್ತು. ನನಗೆ ನಿದ್ದೆ ಬರುತ್ತಿತ್ತು, ಊರಿನ ನಿದ್ದೆ.

ಆಗ ಲಿಫ್ಟು ಬಂದು ನಿಂತಿತು. 'ಬಾಗಿಲು ತೆರೆಯುತ್ತಿದೆ' ಎಂದಳು ಆಕೆ. ಒಳಗೆ ಯಾರೂ ಇರಲಿಲ್ಲ. ನನ್ನ ಗಂಟಲಿನಲ್ಲಿ ಆ ದನಿ ಸಿದ್ಧವಾಗಿತ್ತು. ತೆಗೆಯಲಿಲ್ಲ. ಆಯಿ ಸೀರೆಯ ನೆರಿಗೆ ಎಳೆದುಕೊಂಡು, ಗೋಡೆಯ ಕಡೆ ಸರಿದು, ಬಂದವರಿಗೆ ಹಾದುಹೋಗಲು ಜಾಗ ಮಾಡಿಕೊಟ್ಟರು.